ಮಾದರಿ ನೀರು

ನನ್ನ ಚಿಕ್ಕಮ್ಮ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಬಾಟಲಿ ತೊಳೆಯುತ್ತಿದ್ದಳು. ಆಸಿಡ್ಡಿನಲ್ಲಿ ಅದ್ದಿ, ಬ್ರಶ್ ಹಾಕಿ ತಿಕ್ಕಿ, ಬೋರಲು ಹಾಕಿ ಒಣಗಿಸುವುದು. ಬೆರಳ ತುದಿಯ ಚರ್ಮ ಸುಲಿದುಹೋಗಿತ್ತು. ಮನೆಯಲ್ಲಿ ಉಪ್ಪು ಮುಟ್ಟಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. "ಕೈ ನೋಡ್ಕೋ ಚಿಕ್ಕಮ್ಮ" ಅಂದರೆ, "ಸಂಬಳ ಬಾಟಲಿ ಪಳಪಳ ಅನ್ನೋಕೆ ಕೊಡೋದು, ಕೈಗಲ್ಲ" ಎಂದು ನಗುತ್ತಿದ್ದಳು.

ಊರ ಕೆರೆಯನ್ನು ಶುದ್ಧ ಮಾಡಿದ್ದಕ್ಕೆ ಲ್ಯಾಬಿನ ನಿರ್ದೇಶಕರ ಹೆಸರು ಪರಿಸರ ವಿಜ್ಞಾನದ ಅಂತಾರಾಷ್ಟ್ರೀಯ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂತು. ಶುದ್ಧವಂತೆ, ಮಣ್ಣು. ಲ್ಯಾಬಿನ ಸಿಂಕಿನ ಪೈಪೇ ಹಿಂಬದಿಯಿಂದ ಅದೇ ಕೆರೆಗೆ ಸುರಿಯುತ್ತಿತ್ತು. ದಡದಲ್ಲಿ ಮೂಗು ಮುಚ್ಚಿಕೊಂಡೇ ನಿಲ್ಲಬೇಕಿತ್ತು.

ಪ್ರಶಸ್ತಿಯವರಿಗೆ ಕಳಿಸಲು ವಿಡಿಯೊ ಬೇಕಿತ್ತು: ಬಡ ಹೆಂಗಸೊಬ್ಬಳು ಕೆರೆ ನೀರು ಕುಡಿದು ನಗಬೇಕು. ಚಿಕ್ಕಮ್ಮನ ಮುಖ ಒಪ್ಪುತ್ತದೆ ಎಂದರು. ಅವಳದು ಗುತ್ತಿಗೆ ಕೆಲಸ. ಮುಂದುವರಿಸುವ ಸಹಿ ನಿರ್ದೇಶಕರದೇ. ಒಲ್ಲೆ ಅನ್ನುವ ಹಾಗಿರಲಿಲ್ಲ.

ನಿರ್ದೇಶಕರ ಸಹಾಯಕ ಹಿಂದಿನ ದಿನವೇ, ಕೆರೆ ನೀರೆಂದು ತೋರಿಸಲು, ಬಾಟಲಿಯೊಂದಕ್ಕೆ ಫಿಲ್ಟರ್ ನೀರು ತುಂಬಿ, ಎಲ್ಲರೂ ಮೆಚ್ಚುವಂಥ ನೀರು ಎಂಬ ಅರ್ಥದಲ್ಲಿ 'ಮಾದರಿ' ಎಂದು ಚೀಟಿ ಅಂಟಿಸಿದ್ದ. ಲ್ಯಾಬಿನಲ್ಲಿ ಪರೀಕ್ಷೆಗೆ ತಂದ ಕೆರೆ ನೀರಿಗೂ ಮಾದರಿ ಎಂದೇ ಹೆಸರು. ಸಂಜೆ ಚಿಕ್ಕಮ್ಮ ಚೀಟಿ ನೋಡಿ ಅದನ್ನೂ ಕೆರೆ ನೀರಿನ ಬಾಟಲಿಗಳ ಸಾಲಿಗೆ ಸೇರಿಸಿದಳು. ಬೆಳಿಗ್ಗೆ ಸಹಾಯಕ ಕೈಗೆ ಸಿಕ್ಕಿದ ಮಾದರಿಯನ್ನು ಲೋಟಕ್ಕೆ ಸುರಿದ.

ಚಿಕ್ಕಮ್ಮ ಲೋಟವನ್ನು ಬಾಯಿಯ ಹತ್ತಿರ ತಂದೊಡನೆ ವಾಸನೆ ಹೊಡೆಯಿತು. "ಸಾರ್, ಇದು ನಿಜವಾಗ್ಲೂ ಕೆರೇದು."

ಕ್ಯಾಮೆರಾ ಓಡುತ್ತಿತ್ತು. ನಿರ್ದೇಶಕರು ಹಲ್ಲು ಕಿರಿದರು. "ಕೆರೇದೇ ತಾನೇ ಬೇಕಾಗಿದ್ದು? ಕುಡೀರಮ್ಮ, ಏನಾಗಲ್ಲ."

ಕುಡಿದಳು. ನಕ್ಕಳು ಕೂಡ. ವಾರವಿಡೀ ವಾಂತಿ, ಭೇದಿ. ಬಕೆಟ್ ಹಿಡಿದು ಪಕ್ಕದಲ್ಲಿ ಕೂತವಳು ನಾನು. ಆ ನಾತ ನೆನೆದರೆ ಈಗಲೂ ಅನ್ನ ಸೇರುವುದಿಲ್ಲ. ಆ ಹಲ್ಲುಕಿರಿತ ನೆನೆದರಂತೂ ಉಗಿಯಬೇಕೆನಿಸುತ್ತದೆ.

ಆಮೇಲೆ ನಿರ್ದೇಶಕರೇ ಫೋನ್ ಮಾಡಿದರು. "ಹುಷಾರಾದ್ರಾ? ಸೌಂಡ್ ಸರಿ ಬಂದಿಲ್ಲ, ಇನ್ನೊಂದ್ಸಲ ಕುಡಿದ್ಬಿಡಿ."

ಗೋಡೆಗೆ ಒರಗಿ ಕೂತಿದ್ದ ಚಿಕ್ಕಮ್ಮ ನೆಟ್ಟಗಾದಳು. "ಬರ್ತೀನಿ ಸಾರ್. ಈ ಸಲ ಎರಡು ಲೋಟ ಇಡ್ಸಿ, ಇಬ್ರೂ ಕುಡಿಯೋಣ."

ಶೂಟಿಂಗ್ ನಿಂತಿತು. ಅವಳ ಕೆಲಸವೂ ನಿಂತಿತು. ಹಳೆಯ ವಿಡಿಯೊವೇ ಸಾಕಾಗಿ ಪ್ರಶಸ್ತಿ ಬಂತು. ಪತ್ರಿಕೆಯಲ್ಲಿ ನಿರ್ದೇಶಕರ ಫೋಟೊ, ಪಕ್ಕದಲ್ಲಿ ಲೋಟ ಹಿಡಿದು ನಗುವ ಚಿಕ್ಕಮ್ಮ, ಮೇಲೆ ದಪ್ಪ ಅಕ್ಷರದಲ್ಲಿ 'ಮಾದರಿ ವಿಜ್ಞಾನಿ'.

ನಾನು ಓದಿ ಹೇಳಿದೆ. ಚಿಕ್ಕಮ್ಮ ಸುಲಿದ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೇಳಿದಳು: "ಮಾದರಿ ಅಂತಾನಾ? ಹಾಗಾದ್ರೆ ಅವರನ್ನ ಪರೀಕ್ಷೆ ಯಾಕೆ ಮಾಡ್ಲಿಲ್ಲ?"