ಹುಲಿಯ ‘ಹು’ ತೆಗೆದರೆ

ಮೊಮ್ಮಗಳು ಅಕ್ಷರಕ್ಕೊಂದು ಚಪ್ಪಾಳೆ ತಟ್ಟುತ್ತ “ಹು-ಲಿ” ಎಂದಾಗ ಹಿರಿಯೂರಿನ ನಮ್ಮ ಪಡಸಾಲೆ ನೆನಪಾಯಿತು.

ತಂಗಿ ಗಂಗಿಗೆ ಓದು ಹತ್ತುತ್ತಿರಲಿಲ್ಲ. ಮೊದಲು ಕಿವಿ ಪಳಗಲಿ ಎಂದು ಸೋದರತ್ತೆ ಮರಳಿನ ಮೇಲೆ ತಿದ್ದಿಸುವುದನ್ನು ಬಿಟ್ಟು ಹೀಗೇ ಚಪ್ಪಾಳೆ ತಟ್ಟಿಸುತ್ತಿದ್ದಳು.

“ಹುಲಿಯಾಗಿನ ಹು ತೆಗಿ, ಇ ಹಾಕು. ಏನಾತವ್ವ?”

ಎಂದೂ ಬಾಯಿ ಬಿಡದ ಗಂಗಿ ಥಟ್ಟನೆ “ಇಲಿ!” ಎಂದಳು.

“ನೋಡ್ರೇ, ಗಂಗಿಗೆ ತಿಳೀತು!” ಅತ್ತೆ ಹಿಗ್ಗಿದಳು.

ಗಂಗಿ ಮಾತ್ರ ಮೂಲೆಯತ್ತ ನೋಡುತ್ತಿದ್ದಳು. ಅಟ್ಟದಿಂದ ಬಿದ್ದ ಇಲಿಯೊಂದು ಅಲ್ಲಿ ಗಿರಗಿರನೆ ಸುತ್ತಿ ಸತ್ತಿತು. ಪಕ್ಕದೂರಿನಲ್ಲಿ ಪ್ಲೇಗು ಹೀಗೇ ಶುರುವಾಗಿತ್ತು. ಅವ್ವ ಒಲೆಗೆ ನೀರು ಸುರಿದು, ಊರು ಬಿಟ್ಟು ಹೊಲದ ಗುಡಿಸಲಿಗೆ ಹೋಗಲು ಗಂಟು ಕಟ್ಟತೊಡಗಿದಳು.

ಅಂದು ‘ಇಲಿ’ ಎಂದದ್ದು ಕಿವಿಯಿಂದಲೋ ಕಣ್ಣಿನಿಂದಲೋ ಎಂದು ಕೇಳೋಣವೆಂದರೆ, ಗಂಗಿ ಹೊಲದ ಗುಡಿಸಲಿನಿಂದ ಹಿಂದಿರುಗಲೇ ಇಲ್ಲ.

“ಅಜ್ಜಿ, ಹು ತೆಗೆದು ಇ ಹಾಕ್ಲಾ?” ಮೊಮ್ಮಗಳು ಕೇಳುತ್ತಿದ್ದಾಳೆ. ನನ್ನ ಕಣ್ಣು ಅಟ್ಟದ ಮೇಲಿದೆ.