ಅಪ್ಪ ಹೂಂ ಅಂದ ಏಳು ಹಳ್ಳಿ

ಮೊದಲ ಹೇಳಿಬಿಡ್ತೀನಿ, ನಮ್ಮಪ್ಪನ ಮ್ಯಾಲೆ ನನಗ ಇನ್ನೂ ಸಿಟ್ಟು ಐತಿ. ಸಣ್ಣಪುಟ್ಟ ಸಿಟ್ಟಲ್ಲ. ನಾದಿ, ಬಡದು, ಹಂಚಿನ ಮ್ಯಾಲೆ ಹಾಕಿದ್ರ ನಾವಿದ್ದ ಇಡೀ ಬಿನ್ ಒಮ್ರಾನ್ ಏರಿಯಾಕ್ಕ ಒಂದೊತ್ತಿನ ರೊಟ್ಟಿ ಆಗುವಷ್ಟು ಐತಿ.

ತೊಂಬತ್ತಾರರಾಗ ನನಗ ಹದಿನಾಕು ವರ್ಷ. ದೋಹಾದ ಬಿನ್ ಒಮ್ರಾನ್‌ದಾಗ ಮೂರನೇ ಮಾಳಿಗಿ ಮ್ಯಾಲೆ ನಮ್ಮ ಫ್ಲ್ಯಾಟು. ಅಪ್ಪ ಬಾಗಲಕೋಟಿ ಕಡಿಯಾಂವ, ಗ್ಯಾಸ್ ಪೈಪ್‌ಲೈನ್ ಕಂಪನಿಯಾಗ ನಕ್ಷೆ ತಗಿಯೂ ಕೆಲಸ. ನನ್ನ ಕಡೆ ಹದಿನೆಂಟು ಗೇರಿನ ಸೈಕಲ್ಲು ಇತ್ತು. ಹದಿನೆಂಟು! ಕತಾರ್ ನೋಡಿದ್ರ ಲಟ್ಟಣಗಿಲೆ ಲಟ್ಟಿಸಿದಂಗ ಸಪಾಟ. ನಮ್ಮ ಏರಿಯಾದಾಗ ದೊಡ್ಡ ಏರು ಅಂದ್ರ ಸಾಲಿ ಮುಂದಿನ ಸ್ಪೀಡ್ ಬ್ರೇಕರ್. ಅದನ್ನ ನಾನು ಮೂರು ಗೇರ್ ಬದಲ್ ಮಾಡಿ ಹತ್ತಿ, ತುದೀಗೆ ನಿಂತು ನೀರು ಕುಡದು, ನಾಕೂ ದಿಕ್ಕು ನೋಡಿ, ಆಮ್ಯಾಲೆ ಇಳೀತಿದ್ನಿ.

ಹಂಗ ಒಂದು ಶುಕ್ರವಾರ ಮುಂಜಾನೆ ತುದಿ ಮ್ಯಾಲೆ ನಿಂತಾಗ, ಎದುರಿಗೆ ಒಬ್ಬ ಬಿಳಿ ಮನಶ್ಯಾ ಸೈಕಲ್ ನಿಂದ್ರಿಸಿ ನಗಾಕ ಹತ್ತಿದ್ದ. ಇಟಲಿಯಾಂವ. ಅಪ್ಪನ ಸೈಟಿನಾಗ ವೆಲ್ಡಿಂಗ್ ತಪಾಸಣೆ ಮಾಡೂ ಸಾಹೇಬ, ಅಪ್ಪನಕಿಂತ ನಾಕು ಮೆಟ್ಟಿಲ ಮ್ಯಾಲೆ.

"ಶಿಖರ ಮುಟ್ಟಿದೇನು?" ಅಂತ ಇಂಗ್ಲಿಷಿನಾಗ ಕೇಳಿದ.

"ಹೂಂ. ಗಾಳಿ ಭಾಳ ತೆಳ್ಳಗ ಐತಿ ಇಲ್ಲಿ," ಅಂದ್ನಿ.

ಅಷ್ಟಕ್ಕ ದೋಸ್ತಿ ಆತು. ಮುಂದಿನ ಶುಕ್ರವಾರದಿಂದ ಆ ಇಟಲಿ ಅಂಕಲ್ ತನ್ನ ಪಿಕಪ್ಪಿನಾಗ ಎರಡೂ ಸೈಕಲ್ ಹಾಕ್ಕೊಂಡು ಊರ ಹೊರಗ ಉತ್ತರಕ್ಕ ಹೋಗೂ ಅಲ್ ಶಮಾಲ್ ಹಾದಿಗೆ ಕರಕೊಂಡು ಹೋಗಾಕ ಹತ್ತಿದ. ಅಲ್ಲೆ ಬಡಗಣ ಗಾಳಿ ಎದೀಗೆ ಹೊಡೀತಿತ್ತು. "ಇಲ್ಲಿ ಗುಡ್ಡ ಇಲ್ಲ ಅನಬ್ಯಾಡ. ಈ ಗಾಳೀನ ಗುಡ್ಡ, ತುದಿ ಮಾತ್ರ ಇಲ್ಲ. ಯಲ್ಲಾ, ನಡಿ!" ಅಂತಿದ್ದ. ಮೊದಲನೇ ದಿನ ನಾನು ಕಣ್ಣು ಮುಚ್ಚಿ ಅರ್ಧ ತಾಸು ತುಳದ್ನಿ. ಕಣ್ಣು ತಗದು ನೋಡಿದ್ರ ಬೆನ್ನ ಹಿಂದ ಇದ್ದ ಪಿಕಪ್ಪು ಎದುರಿಗೆ ನಿಂತಿತ್ತು. ಗಾಳಿ ನನ್ನ ಹಿಂದಕ್ಕ ಒಯ್ದಿತ್ತು. ಹಲ್ಲಿನ ಸಂದ್ಯಾಗ ಸಿಕ್ಕ ಉಸುಕಿನಾಗ ಎರಡು ರೂಮಿನ ಮನಿ ಕಟ್ಟಬಹುದಿತ್ತು.

ದಣಿವಾದಾಗ ಪಿಕಪ್ಪಿನ ನೆರಳಿಗೆ ಕುಂತು ಅಂಕಲ್ ಒಂದು ನೋಟಬುಕ್ ತಗೀತಿದ್ದ. ಅದರಾಗ ಅವರ ಊರಿನ ಗುಡ್ಡದ ಹಾದಿ, ತಾನ ಕೈಲೆ ಬರದದ್ದು. ಏಳು ಹಳ್ಳಿ. ಪ್ರತಿ ಆಗಸ್ಟಿನಾಗ ಅಂವ ಮತ್ತ ಅಂವನ ಮಗ ಸೈಕಲ್ಲಿಗೆ ಚೀಲ ಕಟಗೊಂಡು ಹತ್ತು ದಿನ ತಿರಗ್ತಿದ್ರಂತ. ದೊಡ್ಡ ರಸ್ತಾ ಒಂದೂ ಇಲ್ಲ. ಅರ್ಧ ದಿನಕ್ಕ ಒಂದು ಕಾರು ಬಂದ್ರ ಹೆಚ್ಚು, ಅದೂ ಡಾಕ್ಟರಂದು. ಎಲ್ಲಾ ಹಳ್ಳ್ಯಾಗೂ ಚೌಕದಾಗ ಕಲ್ಲಿನ ಕಾರಂಜಿ, ಬಾಟ್ಲಿ ಹಿಡದ್ರ ಹಲ್ಲು ಝುಂ ಅನ್ನೂ ನೀರು. ಒಂದು ಹಳ್ಳ್ಯಾಗ ಮುದುಕಿ ಬಾಗಲದಾಗ ಕುರ್ಚಿ ಹಾಕ್ಕೊಂಡು ಕುರಿ ಹಾಲಿನ ಚೀಸ್ ಮಾರ್ತಾಳಂತ. ಇನ್ನೊಂದರಾಗ ಬ್ರೆಡ್ಡಿನ ಅಂಗಡಿ ಮಧ್ಯಾಹ್ನ ಮುಚ್ಚಿದ್ರ ಸಂಜಿತನಕ ಉಪಾಸ. ಮೂರನೇ ಹಳ್ಳಿ ದಾಟಿದ ಮ್ಯಾಲೆ ಒಂದು ನಾಯಿ ಚಿತ್ರ ಬರದು, ಅಡಿಗೆ ಗೀಟು ಹೊಡದಿದ್ದ. ಆ ನಾಯಿ ಬಿಳಿ ಸಾಕ್ಸ್ ಕಂಡ್ರಷ್ಟ ಕಡೀತದಂತ.

ನನಗ ಗಣಿತದ ಸೂತ್ರ ತಲೀಗೆ ಹತ್ತೂದಿಲ್ಲ. ಆ ನೋಟಬುಕ್ ಮಾತ್ರ ಬಾಯಿಪಾಠ ಆತು. ಯಾವ ತಿರುವಿನಾಗ ಎಷ್ಟನೇ ಗೇರು, ಎಲ್ಲಿ ನೆರಳು, ಎಲ್ಲಿ ಇಳದು ದಬ್ಬಬೇಕು, ಎಲ್ಲಾ.

ಮಾರ್ಚಿನಾಗ ಅಂಕಲ್ ನಮ್ಮ ಮನಿಗೆ ಚಾಕ್ಕ ಬಂದ. ಬಂದಾಂವನ ಅಪ್ಪಗ ಹೇಳಿದ, "ಆಗಸ್ಟಿನಾಗ ಇಂವನ್ನ ನಮ್ಮ ಜೋಡಿ ಕಳಸ್ರಿ. ನನ್ನ ಮಗಗೂ ಹದಿನಾಕು. ಸೈಕಲ್ಲು ಅಲ್ಲೇ ಐತಿ, ಹಾಸಿಗಿ ಅಲ್ಲೇ ಐತಿ. ಬರೇ ಹುಡುಗ ಬಂದ್ರ ಸಾಕು."

ಅಪ್ಪ ಚಾದ ಕಪ್ಪು ಕೆಳಗಿಟ್ಟು, ಮುಖದ ತುಂಬ ನಕ್ಕು, ಎರಡೂ ಕೈ ಅಗಲ ಮಾಡಿ, "ಶೂರ್ ಸರ್, ಶೂರ್! ವೈ ನಾಟ್! ಕಳಸೂಣ!" ಅಂದ.

ನಾನು ಸೋಫಾದ ಮ್ಯಾಲಿಂದ ಜಿಗದ ಜಿಗತಕ್ಕ ಕೆಳಗಿನ ಮನಿಯವರು ಭೂಕಂಪ ಅಂತ ಕಾಗದಪತ್ರ ತಗೊಂಡು ಹೊರಗ ಓಡಿದ್ರು.

ಮರುದಿನದಿಂದ ಸಾಲ್ಯಾಗ ನನ್ನ ಹಿಡಿಯಾಕ ಆಗ್ಲಿಲ್ಲ. ಹೋಗಾಕಿಂತ ಮೊದಲ ಹೋಗಿ ಬಂದಂಗ ಹೇಳ್ತಿದ್ನಿ. ನಾಯಿಗೆ ಹೆಂಗ ಮೋಸ ಮಾಡಿದ್ನಿ, ಮುದುಕಿ ಹೆಂಗ ನನ್ನ ಗಲ್ಲ ಹಿಂಡಿ ಚೀಸ್ ಪುಕ್ಕಟ ಕೊಟ್ಲು. ಎರಡನೇ ಮಾಳಿಗಿಯ ಮಂಗಳೂರಿನ ಹುಡುಗ ಒಬ್ಬನ ನಂಬಲಿಲ್ಲ.

"ಎಂತ ಮಾರಾಯ, ನೀನು ಇಟಲಿಗೆ ಹೋಗುದಾ? ನಿನ್ನಪ್ಪ ನಿನ್ನನ್ನು ಒಬ್ಬನೇ ಮುಶೈರಿಬ್ ಪೇಟೆಗೂ ಬಿಡುದಿಲ್ಲ!"

"ನೋಡ್ತಿರಲೇ. ಆಗಸ್ಟಿನಾಗ ಐದನೇ ಹಳ್ಳಿಯಿಂದ ನಿನಗ ಪೋಸ್ಟ್‌ಕಾರ್ಡ್ ಬರ್ತೈತಿ."

"ಬಂದ್ರೆ ನಾನದನ್ನು ತಿಂತೇನೆ. ಸ್ಟ್ಯಾಂಪ್ ಸಮೇತ."

ಏಪ್ರಿಲ್, ಮೇ, ಜೂನ್. ಶುಕ್ರವಾರಕ್ಕೊಮ್ಮೆ ಗಾಳಿ ತುಳದು ತುಳದು ನನ್ನ ತೊಡಿ ಹೆಂಗ ಆದುವು ಅಂದ್ರ, ಸಾಲಿ ಪ್ಯಾಂಟು ಕುಂತಲ್ಲೆ ಹರೀತಿತ್ತು. ಅಪ್ಪ ಅದನ್ನೆಲ್ಲಾ ನೋಡ್ತಿದ್ದ. ಟಾಯರಿಗೆ ಗಾಳಿ ಹೊಡಿಯಾಕ ಪಂಪು ತಂದುಕೊಟ್ಟಾಂವ ಅಂವನ. ಒಂದು ಮಾತು ಆಡಲಿಲ್ಲ.

ಜುಲೈದಾಗ ಅಂಕಲ್ ಫೋನ್ ಮಾಡಿ ನನ್ನ ಪಾಸ್‌ಪೋರ್ಟ್ ನಂಬರ್ ಕೇಳಿದ, ವೀಸಾದ ಕಾಗದಕ್ಕ ಬೇಕಂತ. ಅಪ್ಪ "ಟುಮಾರೋ ಸರ್" ಅಂದ. ಮರುದಿನನೂ ಟುಮಾರೋ. ಅದರ ಮರುದಿನನೂ. ನಾಕನೇ ದಿನ ಊಟದಾಗ ನಾನ ಕೇಳಿದ್ನಿ, "ಅಪ್ಪಾ, ನನ್ನ ನಂಬರ್ ಯಾಕ ಕೊಡವಲ್ಲಿ?"

ಅಪ್ಪ ಸಾರು ಕಲಸಿಕೋತ ಕುಂತ. ಅವ್ವ ಅನ್ನ ನೀಡೂದು ಬಿಟ್ಟು ಅಪ್ಪನ ಮುಖ ನೋಡಿದ್ಳು.

"ಅಲ್ರೀ, ಇಂವ ನನ್ನ ಪಾಸ್‌ಪೋರ್ಟಿನಾಗ ಅದಾನ. ನನ್ನ ಬಿಟ್ಟು ಇಂವ ಹೆಂಗ ಹೋಗ್ತಾನ್ರೀ? ನೀವು ಬ್ಯಾರೆ ಮಾಡಿಸೀರಿ ಅನಕೊಂಡಿದ್ನಿ ನಾ."

ಆವಾಗ ಹಂಗ ಇತ್ತು. ಸಣ್ಣ ಹುಡುಗರಿಗೆ ಬ್ಯಾರೆ ಪಾಸ್‌ಪೋರ್ಟ್ ಮಾಡಸ್ತಿರ್ಲಿಲ್ಲ, ಅವ್ವನ ಪಾಸ್‌ಪೋರ್ಟಿನಾಗ ಹೆಸರು ಬರಸ್ತಿದ್ರು. ಅವ್ವ ಎಲ್ಲಿಗೆ ಹೋಗ್ತಾಳ ಅಲ್ಲಿಗೆ ನಾವು, ಕೈಚೀಲ ಇದ್ದಂಗ. ಬಲಗೈ ಎಂಜಲ, ಎಡಗೈಲೆ ಕಪಾಟಿನಿಂದ ಅವ್ವನ ಪಾಸ್‌ಪೋರ್ಟ್ ತಗದು ನೋಡಿದ್ನಿ. ಹಿಂದಿನ ಪುಟದಾಗ ಒಂದ ಸಾಲು: ಹೆಸರು, ಹುಟ್ಟಿದ ತಾರೀಖು, ಗಂಡು. ಅರಬಸ್ತಾನದ ಗಾಳಿ ಮಣಿಸಿದ ಸವಾರ ನಾನು, ಗವರ್ನಮೆಂಟಿನ ಲೆಕ್ಕದಾಗ ಅವ್ವನ ಒಂದು ಸಾಲು.

"ಅಪ್ಪಾ, ನಿನಗ ಗೊತ್ತಿತ್ತ?"

"ಗೊತ್ತಿತ್ತು."

"ಮತ್ತ ಹೂಂ ಯಾಕ ಅಂದಿ?"

ಅಪ್ಪಗ ನನ್ನ ಪ್ರಶ್ನೇನ ತಿಳೀಲಿಲ್ಲ. ಖರೇನ ತಿಳೀಲಿಲ್ಲ. "ಅಂವ ಖರೇ ಕರೀತಾನಂತ ಯಾರಿಗೆ ಗೊತ್ತೋ ತಮ್ಮಾ? ನಾವು ಸೈಟಿನಾಗ ಎಲ್ಲಾರಿಗೂ ಒಮ್ಮೆ ನಮ್ಮೂರಿಗೆ ಬರ್ರಿ ಅಂತೀವಿ. ಅವರು ಬರೂಣಂತ ಅಂತಾರ. ಈ ಹನ್ನೊಂದು ವರ್ಷದಾಗ ಯಾರರ ಬಂದಾರೇನು? ಕರಿಯೂದು ಕರದಾಂವನ ಮರ್ಯಾದಿ, ಹೂಂ ಅನ್ನೂದು ನಮ್ಮ ಮರ್ಯಾದಿ. ಅಷ್ಟ. ದೊಡ್ಡ ಮನಶ್ಯಾ ಮನಿತನಕ ಬಂದು ಕರದ್ರ ಮುಖಕ್ಕ ಇಲ್ಲ ಅನಬೇಕಿತ್ತೇನು?"

"ನಾನು ನಾಕು ತಿಂಗಳು ತುಳದೆನಲ್ಲ!"

"ಮೈಗೆ ಚಲೋ ಆತು ಬಿಡು."

ಆ ಮಾತಿಗೆ ನನ್ನ ಕಿವಿಯಿಂದ ಹೊಗಿ ಬಂತು. ಅಡಿಗಿಮನಿ ಕಿಡಕಿ ತಗೀಬೇಕಾತು. ಆದ್ರ ಅದಕಿಂತ ದೊಡ್ಡದು ಇನ್ನೂ ಬಾಕಿ ಇತ್ತು. ಅಪ್ಪ ಕೈ ತೊಳಕೊಂಡು ಬಂದು ಸಾವಕಾಶ ಹೇಳಿದ:

"ಶುಕ್ರವಾರ ಸಾಹೇಬರನ್ನ ಊಟಕ್ಕ ಕರದೀನಿ. ನೀನ ಹೇಳಿಬಿಡು, ನನಗ ಮನಸ್ಸಿಲ್ಲ, ನಾ ಒಲ್ಲೆ ಅಂತ. ಸಣ್ಣ ಹುಡುಗ ಹೇಳಿದ್ರ ಯಾರೂ ಬ್ಯಾಸರ ಮಾಡಕೊಳ್ಳೂದಿಲ್ಲ."

ಅಂದ್ರ ಹೂಂ ಅಂದಾಂವ ಅಂವ. ಒಲ್ಲೆ ಅನ್ನಾಕ ನಾನು.

ಶುಕ್ರವಾರ ಅಂಕಲ್ ಬಂದ. ಅವ್ವ ಖಡಕ್ ರೊಟ್ಟಿ, ಎಣ್ಣಿಗಾಯಿ, ಕೆಂಪು ಚಟ್ನಿ ಬಡಿಸಿದ್ಳು. ಅಂಕಲ್ಲಿನ ಕಣ್ಣಾಗ ಮೂಗಿನಾಗ ಎಷ್ಟು ನೀರು ಬಂತಂದ್ರ, ಒಂದು ಕಾರಂಜಿ ನಮ್ಮ ಮನ್ಯಾಗ ಹುಟ್ಟಿತ್ತು. ಆದ್ರೂ ಬಿಡದ ತಿಂದ. ತಿನಕೋತ ಹೇಳಿದ, ಅಂವನ ಮಗ ನನಗಾಗಿ ಟೆಂಟಿನಾಗ ಜಾಗಾ ಅಳದು ನೋಡ್ಯಾನಂತ. ನನ್ನ ಬೂಟಿನ ಸೈಜು ಕೇಳ್ಯಾನಂತ, ಮಳಿ ಬಂದ್ರ ತನ್ನ ಹಳೇ ಬೂಟು ಕೊಡಾಕ.

ಅಪ್ಪ ಕೆಮ್ಮಿದ. ನಾ ರೊಟ್ಟಿ ಮುರದ್ನಿ. ಅಪ್ಪ ಮತ್ತ ಕೆಮ್ಮಿದ. ಮೂರನೇ ಸಲ ಟಿ.ಬಿ. ಬಂದವರಂಗ ಕೆಮ್ಮಿ, "ಸರ್, ಇಂವ ಏನೋ ಹೇಳಬೇಕಂತಾನ," ಅಂದ.

ನಾನು ಸುಳ್ಳು ಹೇಳೂದ್ರಾಗ ಹುಶಾರ್. ಅದು ನಿಮಗ ಇಷ್ಟೊತ್ತಿಗೆ ಗೊತ್ತಾಗಿರಬೇಕು. ಆವತ್ತು ಮಾತ್ರ ನಾಲಿಗಿ ಹೊಳ್ಳಲಿಲ್ಲ. ಆ ಹುಡುಗ ಬೂಟಿನ ಸೈಜು ಕೇಳಿದ್ದ.

"ನಾ ಒಲ್ಲೆ ಅಂತ ಹೇಳು ಅಂದಾನ ನಮ್ಮಪ್ಪ," ಅಂದ್ನಿ ಇಂಗ್ಲಿಷಿನಾಗ. "ಆದ್ರ ನನಗ ಬರಬೇಕು. ನನಗ ಪಾಸ್‌ಪೋರ್ಟ್ ಇಲ್ಲ. ಅಪ್ಪಗ ಮಾರ್ಚಿನಾಗನ ಗೊತ್ತಿತ್ತು."

ಅವ್ವಗ ಇಂಗ್ಲಿಷ್ ಬರೂದಿಲ್ಲ, ಆದ್ರೂ ಆಕಿ ಸೆರಗು ಬಾಯಿಗೆ ಹಿಡದ್ಳು.

ಅಂಕಲ್ ಸಿಟ್ಟಾಗಲಿಲ್ಲ, ಅದ ನೋಡ್ರಿ ನನಗ ಹೆಚ್ಚು ಉರೀತು. ರೊಟ್ಟಿ ಕೆಳಗಿಟ್ಟು ಬೆರಳು ಮಡಚಿ ಎಣಿಸಿದ. ಪಾಸ್‌ಪೋರ್ಟಿಗೆ ಇಷ್ಟು ದಿನ, ವೀಸಾಕ್ಕ ಇಷ್ಟು, ಕತಾರ್ ಬಿಡಾಕ ಪರವಾನಗಿಗೆ ಇಷ್ಟು. ಬೆರಳು ಮುಗದುವು, ದಿನ ಮುಗೀಲಿಲ್ಲ.

"ಮಾರ್ಚಿನಾಗ ಒಂದು ಮಾತು ಹೇಳಿದ್ರ," ಅಂತ ಅಪ್ಪನ ಕಡೆ ನೋಡಿ ಅಂದ, "ನಾನ ಆಫೀಸಿಗೆ ಓಡಾಡಿ ಎಲ್ಲಾ ಮಾಡಸ್ತಿದ್ನಿ. ಈಗ ನಮ್ಮ ವಿಮಾನಕ್ಕ ಒಂಬತ್ತು ದಿನ. ಖಲಾಸ್."

"ಮುಂದಿನ ವರ್ಷ ಸರ್, ಶೂರ್," ಅಂದ ಅಪ್ಪ.

ಅಂಕಲ್ ಎದ್ದು ನಿಂತ. ನನ್ನ ಭುಜ ಒಮ್ಮೆ ಹಿಚುಕಿ, ಅವ್ವಗ ಕೈಮುಗದು ಹೋದ.

ಬಾಗಲಾ ಹಾಕಿದ ಮ್ಯಾಲೆ ಅಪ್ಪ ನನ್ನ ಕಡೆ ಹೊಳ್ಳಿದ. "ಮಂದಿ ಮುಂದ ನನ್ನ ಮಾನ ಕಳದೀಯಲ್ಲೋ!"

"ನೀ ನನ್ನ ಆಗಸ್ಟ್ ಕಳದಿ."

"ಆಗಸ್ಟ್ ವರ್ಷಾ ಬರ್ತೈತಿ!"

"ಹೂಂ, ನಿನಗ ಎಲ್ಲಾ ವರ್ಷಾ ಬರ್ತೈತಿ!"

ಅವತ್ತಿಂದ ಮನ್ಯಾಗ ನಮ್ಮಿಬ್ಬರ ನಡುವ ಅವ್ವ ಅಂಚೆಯಾಕಿ ಆದ್ಳು. ಒಂದ ಟೇಬಲ್ಲಿಗೆ ಕುಂತು, "ಉಪ್ಪು ಕೊಡಂತ ಅಂವಗ ಹೇಳು." "ಉಪ್ಪು ಅಂವನ ಮುಂದ ಐತಿ ಅಂತ ಹೇಳು." ಅವ್ವ ಕಡೀಗೆ ಉಪ್ಪಿನ ಡಬ್ಬಿ ತಗೊಂಡು ಹೋಗಿ ತನ್ನ ಮಂಚದ ಕೆಳಗ ಇಟ್ಳು. ಒಂದು ವಾರ ಸಪ್ಪನ ಸಾರು ತಿಂದ್ವಿ, ಯಾರೂ ಸೋಲಲಿಲ್ಲ.

ಆಗಸ್ಟ್ ಬಂತು. ಹೊರಗ ಬಿಸಿಲಿಗೆ ಡಾಂಬರು ಹಲ್ವಾ ಆಗಿತ್ತು. ನಾನು ಕ್ಯಾಲೆಂಡರ್ ಮುಂದ ನಿಂತು ಇವತ್ತು ಅವರು ಎರಡನೇ ಹಳ್ಳಿ, ಇವತ್ತು ಮೂರನೇದು, ನಾಳೆ ದೊಡ್ಡ ಏರು ಅಂತ ಲೆಕ್ಕ ಹಾಕ್ತಿದ್ನಿ. ನಾಕನೇ ಹಳ್ಳಿ ದಿನ ಕೆಳಗ ಗ್ರಾಸರಿ ಅಂಗಡ್ಯಾಗ ಮೊಸರು ತರಾಕ ಹೋದ್ರ, ಮಂಗಳೂರಿನಾಂವ ನಿಂತಿದ್ದ.

"ಓಹೋ! ನೀನು ಇಟಲಿಯಲ್ಲಿ ಅಲ್ವಾ ಮಾರಾಯ? ಹಾಗಾದ್ರೆ ಈ ಮೊಸರು ಹಿಡ್ಕೊಂಡವ ಯಾರು?"

"ಅಂವ ನನ್ನ ತಮ್ಮ," ಅಂದ್ನಿ. ನನಗ ತಮ್ಮ ಇಲ್ಲ, ಅದು ಅಂವಗೂ ಗೊತ್ತು. ಅಂವ ನಗಲಿಲ್ಲ. "ಬಾ, ಜ್ಯೂಸ್ ಕುಡಿವಾ," ಅಂದ. ಅದಂತೂ ಪೂರಾ ತಡಕೊಳ್ಳಾಕ ಆಗ್ಲಿಲ್ಲ, ಮೊಸರು ಅಲ್ಲೇ ಬಿಟ್ಟು ಮನಿಗೆ ಓಡಿದ್ನಿ.

ಸಪ್ಟೆಂಬರಿನಾಗ ಅಪ್ಪ ಒಂದಿನ ಸಂಜೀಕ ಅವ್ವನ ಕೈಲಿ ಹೇಳಿ ಕಳಿಸಿದ, ಚಲೋ ಶರ್ಟ್ ಹಾಕ್ಕೋ ಅಂತ. ಮುಶೈರಿಬ್‌ದಾಗ ಒಂದು ಫೋಟೋ ಸ್ಟುಡಿಯೋಕ್ಕ ಕರಕೊಂಡು ಹೋದ. ನನ್ನ ಪಾಸ್‌ಪೋರ್ಟಿಗೆ. ಆ ಹೊತ್ತಿಗೆ ಅಂಕಲ್ಲಿಗೆ ಬ್ಯಾರೆ ದೇಶಕ್ಕ ವರ್ಗ ಆಗಿತ್ತು, ಹತ್ತು ದಿನದ ಹಿಂದ ಹೋಗಿಬಿಟ್ಟಿದ್ದ. ಅದು ಅಪ್ಪಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸ್ಟೂಲಿನ ಮ್ಯಾಲೆ ಕುಂಡರಿಸಿದ್ರು. ಕ್ಯಾಮೆರಾದ ಮಲಯಾಳಿ "ಥೋಡಾ ಸ್ಮೈಲ್, ಮೋನೇ" ಅಂದ. ಅಂವನ ಬೆನ್ನ ಹಿಂದ ಅಪ್ಪ ನಿಂತಿದ್ದ. ಎರಡು ತಿಂಗಳಾದ ಮ್ಯಾಲೆ ಮೊದಲನೇ ಸಲ ನೆಟ್ಟಗ ನನ್ನ ಜೋಡಿ ಮಾತಾಡಿದ.

"ನಗೋ ತಮ್ಮಾ. ಮುಂದಿನ ವರ್ಷ ಹೋಗಂತಿ."

ನಾನು ಅಪ್ಪನ್ನ ನೋಡಿದ್ನಿ. ಅಷ್ಟರಾಗ ಫ್ಲ್ಯಾಷ್ ಹೊಡೀತು.

ಆ ಮುಖ ನನ್ನ ಆ ಹಳೇ ಪಾಸ್‌ಪೋರ್ಟಿನಾಗ ಇನ್ನೂ ಐತಿ. ಹುಬ್ಬು ಗಂಟು, ಮೂಗಿನ ಹೊಳ್ಳಿ ಅಗಲ, ಗಾಜು ಸೀಳೂ ಅಂಥಾ ಕಣ್ಣು. ಅದರ ಮುದ್ದತ್ತು ಮುಗಿಯೂತನಕ, ಊರಿಗೆ ಹೋಗಿ ಬರುವಾಗ ಏರ್‌ಪೋರ್ಟಿನ ಕೌಂಟರಿನಾಗ ಒಬ್ಬರೂ ಸುಮ್ಮನ ಬಿಡಲಿಲ್ಲ. ಫೋಟೋ ನೋಡ್ತಿದ್ರು, ನನ್ನ ನೋಡ್ತಿದ್ರು, ಯಾರ ಮ್ಯಾಲೆ ಇಷ್ಟು ಸಿಟ್ಟಪ್ಪಾ ಅಂತಿದ್ರು. ಅಪ್ಪ ಹಿಂದ ಲೈನಿನಾಗ ನಿಂತಿರ್ತಿದ್ದ, ಎಲ್ಲಾರ ಟ್ರಾಲಿ ಹಿಡಕೊಂಡು, ಮ್ಯಾಲಿನ ಬೋರ್ಡು ಓದಿಕೋತ.