ಸೊಣ್ಣಮ್ಮ ಹಾಕಿದ ಪಾಸ್

ಸೋತ ಮಾರನೆಯ ದಿನ ಮುಸುಕೆಳೆದು ಮಲಗುವ ಪೈಕಿಯಲ್ಲ ಸೊಣ್ಣಮ್ಮ. ಅರವತ್ತಮೂರು ವರ್ಷದ ಹೆಂಗಸು ಯಲಹಂಕದ ಕಡೆಯ ಸಿಂಗಾಪುರದಲ್ಲಿ ಬಸ್ಸು ಹತ್ತಿ, ಹೆಬ್ಬಾಳದಲ್ಲಿ ಇಳಿದು ಇನ್ನೊಂದು ಹಿಡಿದು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಗಂಗಾನಗರದ ಆಶಾರಾಣಿಯ ಮನೆಯ ಮೆಟ್ಟಿಲು ಹತ್ತಿದ್ದಳು. ಶನಿವಾರ ಯಶವಂತಪುರದ ಕ್ಲಬ್ಬಿನಲ್ಲಿ ಅವರ ಬ್ರಿಡ್ಜ್ ತಂಡ ಬರೀ ಮೂರು ಪಾಯಿಂಟಿನಿಂದ ಸೋತಿತ್ತು. ಆ ಸೋಲನ್ನು ಇವತ್ತು ಕೊಯ್ದು ನೋಡುವುದಿತ್ತು.

ಇನ್ನೆರಡು ವಾರಕ್ಕೆ ಮೈಸೂರಿನಲ್ಲಿ ರಾಜ್ಯಮಟ್ಟದ ಪಂದ್ಯ. ಅಲ್ಲಿ ತಂಡಕ್ಕೆ ನಾಲ್ಕೇ ಜನ, ಇವರು ಐವರು. ಹೆಸರುಗಳು ಮಧ್ಯಾಹ್ನ ಹನ್ನೆರಡರೊಳಗೆ ಹೋಗಬೇಕು. ಬ್ಯಾಂಕಿನಿಂದ ನಿವೃತ್ತಳಾದ ಆಶಾರಾಣಿ ಕ್ಯಾಪ್ಟನ್, ಆರ್.ಟಿ. ನಗರದಲ್ಲಿ ಬಿಡಿಭಾಗದ ಅಂಗಡಿ ಇಟ್ಟಿರುವ ಮುಬಶ್ಶಿರ್ ಅವಳ ಜೊತೆಗಾರ. ಆ ಜೋಡಿಯನ್ನು ಯಾರೂ ಮುಟ್ಟುವುದಿಲ್ಲ. ಸೊಣ್ಣಮ್ಮನ ಎದುರು ಹನ್ನೊಂದು ವರ್ಷದಿಂದ ಕೂರುವವರು ನಾಗಲಿಂಗಪ್ಪ ಮೇಷ್ಟ್ರು, ಗದಗದ ಕಡೆಯಿಂದ ಬಂದು ಯಲಹಂಕದ ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಐದನೆಯವನು ಬ್ಯಾಟರಾಯನಪುರದ ಬಿಲ್ಡರ್ ನಾಗಭೂಷಣ. ಮೂವತ್ತೆಂಟರ ಪ್ರಾಯ, ಚುರುಕು ತಲೆ, ಒಂದು ವರ್ಷದಿಂದ ಬೆಂಚು ಕಾಯುತ್ತಿದ್ದಾನೆ. ಅವನ ಕಣ್ಣು ಯಾರ ಕುರ್ಚಿಯ ಮೇಲಿದೆ ಎಂಬುದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು.

ಬ್ರಿಡ್ಜ್ ಎಂದರೆ ಇಸ್ಪೀಟೇ, ಆದರೆ ನಸೀಬಿನ ಮೇಲೆ ಭಾರ ಹಾಕುವಂತಿಲ್ಲ. ಈ ಮೇಜಿನಲ್ಲಿ ನಮ್ಮಿಬ್ಬರಿಗೆ ಬಂದ ಎಲೆಗಳೇ ಆ ಮೇಜಿನಲ್ಲಿ ಎದುರು ತಂಡದ ಇಬ್ಬರಿಗೆ ಬಂದಿರುತ್ತವೆ. ಅವರು ಮಾಡಿದ್ದನ್ನು ನೀನು ಯಾಕೆ ಮಾಡಲಿಲ್ಲ ಅಂದರೆ ಬಾಯಿ ಮುಚ್ಚಬೇಕು. ಎಲೆ ಸರಿಯಿರಲಿಲ್ಲ ಎಂಬ ನೆಪ ನಡೆಯುವುದಿಲ್ಲ. ಸೊಣ್ಣಮ್ಮನಿಗೆ ಈ ಆಟ ಹಿಡಿಸಿದ್ದೇ ಅದಕ್ಕೆ.

ಅವಳು ಕಲಿತದ್ದು ಕ್ಲಬ್ಬಿನಲ್ಲಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಟೆಲಿಫೋನಿನ ಭಾಗ ಜೋಡಿಸುವ ಕಾರ್ಖಾನೆಯೊಂದಕ್ಕೆ ಸೇರಿದ್ದಳು. ಲೈನಿನಲ್ಲಿ ಇಪ್ಪತ್ತೆಂಟು ಹೆಣ್ಣುಮಕ್ಕಳು. ಕೆಟ್ಟ ಪೀಸು ಸಿಕ್ಕಿದರೆ ಸೂಪರ್‌ವೈಸರ್ ಬಂದು ‘ಯಾರದ್ದು, ಹೇಳು’ ಎಂದು ಪಕ್ಕದವಳನ್ನು ಕೇಳುತ್ತಿದ್ದ. ಹೇಳಿದವಳಿಗೆ ಬೆನ್ನು ತಟ್ಟುವುದು, ಮಾಡಿದವಳಿಗೆ ಮೆಮೊ. ಒಂದು ದಿನ ಸೊಣ್ಣಮ್ಮ ಕೈ ಕಟ್ಟಿ ನಿಂತಳು. ‘ನಂದಾದ್ರೆ ನಾನು ಏಳ್ತೀನಿ, ಪಕ್ಕದೋಳ್ದು ಪಕ್ಕದೋಳೇ ಏಳ್ತಾಳೆ, ನನ್ನನ್ಯಾಕೆ ಕೇಳ್ತೀಯ?’ ಎಂದಳು. ಇಪ್ಪತ್ತೆಂಟೂ ಜನ ಕೈ ಕಟ್ಟಿದರು. ಮಧ್ಯಾಹ್ನದವರೆಗೆ ಒಂದು ಪೀಸೂ ಆಚೆ ಹೋಗಲಿಲ್ಲ. ಆಮೇಲೆ ಆ ಪ್ರಶ್ನೆ ನಿಂತಿತು. ಮರುವರ್ಷ ನಲವತ್ತೊಂದು ದಿನದ ಮುಷ್ಕರ. ಗೇಟಿನ ಮುಂದಿನ ಶಾಮಿಯಾನದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು ಕೂತು ಸಾಕಾದವರಿಗೆ ಯೂನಿಯನ್ನಿನ ಎಲೆಕ್ಟ್ರಿಷಿಯನ್ ಪಿಳ್ಳಪ್ಪ ಬ್ರಿಡ್ಜ್ ಹೇಳಿಕೊಟ್ಟ. ಆಫೀಸರುಗಳ ಕ್ಲಬ್ಬಿನಲ್ಲಿ ಫ್ಯಾನು ರಿಪೇರಿಗೆ ಹೋಗಿ, ಏಣಿಯ ಮೇಲೆ ನಿಂತು ನೋಡಿ ಕಲಿತ ಆಸಾಮಿ. ಮುಷ್ಕರ ಮುಗಿದು ಎರಡನೇ ವರ್ಷಕ್ಕೆ ಅದೇ ಆಫೀಸರುಗಳನ್ನು ಅದೇ ಕ್ಲಬ್ಬಿನಲ್ಲಿ ಪಿಳ್ಳಪ್ಪನೂ ಸೊಣ್ಣಮ್ಮನೂ ಕೂತು ಸೋಲಿಸಿದರು. ‘ಇಸ್ಪೀಟಾಡೋ ಸೊಸೆ’ ಎಂದು ಅತ್ತೆ ಬೀದಿಯೆಲ್ಲಾ ಸಾರಿದಳು. ಸೊಣ್ಣಮ್ಮ ಕಪ್ಪು ತಂದು ದೇವರ ಗೂಡಿನ ಪಕ್ಕದಲ್ಲೇ ಇಟ್ಟಳು.

ಈ ತಂಡಕ್ಕೂ ಆ ಲೈನಿನ ಕಟ್ಟಳೆಯನ್ನು ತಂದವಳು ಅವಳೇ. ಭಾನುವಾರದ ಪಂಚಾಯ್ತಿಯಲ್ಲಿ ಪ್ರತಿ ಬೋರ್ಡಿಗೂ, ಅಂದರೆ ಎಲೆ ಹಂಚಿ ಆಡಿದ ಪ್ರತಿ ಆಟಕ್ಕೂ, ತಪ್ಪು ಮಾಡಿದವರು ತಾವೇ ಕೈ ಎತ್ತಬೇಕು. ಎದುರು ಕೂತ ಜೊತೆಗಾರನ ತಪ್ಪನ್ನು ಹೇಳುವಂತಿಲ್ಲ.

ಹತ್ತು ಬೋರ್ಡು ಸಲೀಸಾಗಿ ಮುಗಿದವು. ಮುಬಶ್ಶಿರ್ ಎರಡು ಸಲ ಕೈ ಎತ್ತಿದ, ಎರಡು ಸಲವೂ ಬಿಸಿಲನ್ನು ದೂರಿದ. ಹನ್ನೊಂದನೇ ಬೋರ್ಡು ಬಂತು.

ಸೊಣ್ಣಮ್ಮ ಕೈ ಎತ್ತಿದಳು. “ಇದು ನಂದು. ಆದ್ರೆ ಪಾಸ್ ಅಲ್ಲ, ಆಮೇಲೆ...”

“ಪಾಸ್ ಅಲ್ವಾ?” ನಾಗಭೂಷಣ ನಡುವೆ ಬಾಯಿ ಹಾಕಿದ. “ಅಕ್ಕಾ, ಹದಿಮೂರು ಪಾಯಿಂಟ್ ಹೋಗಿದ್ದೇ ಆ ಪಾಸಿಂದ!”

ಆಗಿದ್ದು ಇಷ್ಟು. ಸೊಣ್ಣಮ್ಮನ ಕೈಯಲ್ಲಿ ಎಕ್ಕ, ರಾಣಿ, ಗುಲಾಮ ಸೇರಿ ಆರು ಇಸ್ಪೇಟು. ಡೈಮನ್ನಿನಲ್ಲಿ ರಾಜ, ರಾಣಿ. ‘ಒಂದು ಇಸ್ಪೇಟು’ ಎಂದು ಹರಾಜು ಶುರು ಮಾಡಿದಳು. ಬಲಿಷ್ಠ ಆಟೀನು ಹಿಡಿದಿದ್ದ ಎದುರಾಳಿ ಒಂದೇ ನೆಗೆತಕ್ಕೆ ‘ನಾಲ್ಕು ಆಟೀನು’ ಎಂದ. ಅಂದರೆ ಆಟೀನು ತುರುಪು, ಹದಿಮೂರರಲ್ಲಿ ಹತ್ತು ಸುತ್ತು ಗೆಲ್ಲುತ್ತೇನೆ ಎಂಬ ಪಣ. ಮೇಷ್ಟ್ರು ಏನೂ ಕೂಗದೆ ಪಾಸ್, ಇನ್ನೊಬ್ಬ ಎದುರಾಳಿಯೂ ಪಾಸ್. ಸೊಣ್ಣಮ್ಮ ‘ನಾಲ್ಕು ಇಸ್ಪೇಟು’ ಎನ್ನಬಹುದಿತ್ತು. ಪಾಸ್ ಹಾಕಿದಳು. ಎದುರಾಳಿ ಹತ್ತು ಸುತ್ತು ಗೆದ್ದ. ಇನ್ನೊಂದು ಮೇಜಿನಲ್ಲಿ ಇದೇ ಎಲೆ ಹಿಡಿದವರು ನಾಲ್ಕು ಇಸ್ಪೇಟು ಹೇಳಿ ಅದನ್ನೂ ಗೆದ್ದಿದ್ದರು. ಎರಡೂ ಕಡೆ ಏಟು.

“ಸುಮ್ನೆ ಹೇಳ್ತಿಲ್ಲ ನಾನು.” ನಾಗಭೂಷಣ ಫೋನು ಮೇಜಿನ ಮೇಲಿಟ್ಟ. “ಅಕ್ಕನ ಹದಿಮೂರು ಎಲೆ, ಹರಾಜು ಎಲ್ಲಾ ಬರೆದು ಹತ್ತು ಜನ ಒಳ್ಳೇ ಆಟಗಾರರಿಗೆ ಕಳಿಸ್ದೆ. ಹೆಸರು ಹಾಕಿಲ್ಲ. ಆರು ಜನ ನಾಲ್ಕು ಇಸ್ಪೇಟು ಅಂದ್ರು, ನಾಲ್ಕು ಜನ ಪಾಸ್. ಜಾಸ್ತಿ ಜನ ಏನಂದ್ರು ನೋಡಿ.”

“ಓಟು ಆಕ್ಸಿದ್ಯಾ?” ಸೊಣ್ಣಮ್ಮ ನಕ್ಕಳು. “ಪಂಚಾಯ್ತಿ ಎಲೆಕ್ಷನ್‌ಗೆ ನಿಂತ್ಕೋ ಓಗು, ಬಿಲ್ಡಿಂಗ್ ಯಾಕೆ ಕಟ್ತೀಯ.”

“ಜೋಕ್ ಮಾಡ್ಬೇಡಿ ಅಕ್ಕ.”

ಆಶಾರಾಣಿ ಕನ್ನಡಕ ತೆಗೆದಳು. “ಸೊಣ್ಣಮ್ಮ, ಯಾಕೆ ಪಾಸ್ ಹಾಕಿದ್ರಿ? ಕಾರಣ ಹೇಳಿ, ಬರ್ಕೋತೀನಿ.”

“ಆಕ್ಬೇಕಿತ್ತು, ಆಕ್ದೆ.”

“ಇದೇನ್ ಕಾರಣ?”

“ಇದೇ ಕಾರಣ.”

ಮುಬಶ್ಶಿರ್ ಬಿಸ್ಕತ್ತಿನ ತಟ್ಟೆ ಅವಳತ್ತ ದೂಡಿದ. “ಅಕ್ಕಾ, ಏನೋ ಇದೆ. ಹೇಳ್ಬಿಡು ಅಕ್ಕಾ. ನೀನು ಹೆದ್ರಿ ಪಾಸ್ ಹಾಕಿದ್ದು ನಾನಂತೂ ನೋಡಿಲ್ಲ.”

ಹೇಳಬಹುದಿತ್ತು. ಒಂದೇ ಮಾತು, ಅವಳ ಕುರ್ಚಿ ಅವಳಿಗೇ. ಸೊಣ್ಣಮ್ಮ ಕಾಫಿಯ ಜೊತೆ ಆ ಮಾತನ್ನು ನುಂಗಿದಳು.

ಶನಿವಾರ ಆ ಮೇಜಿನಲ್ಲಿ ನಡೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಎದುರಾಳಿ ಹೀಗೆ ನೆಗೆದು ಹರಾಜು ಕೂಗಿದರೆ ಮುಂದಿನವರು ಹತ್ತು ಸೆಕೆಂಡು ಕಾದು ಹೇಳುವುದು ವಾಡಿಕೆ. ಮೇಷ್ಟ್ರು ತೊಗೊಂಡದ್ದು ಅರ್ಧ ನಿಮಿಷಕ್ಕೂ ಮಿಕ್ಕಿ. ಹರಾಜಿನ ಚೀಟಿಗಳ ಡಬ್ಬಿಗೆ ಕೈ ಹಾಕಿದರು, ತೆಗೆದರು, ಮೇಲೆ ಫ್ಯಾನು ನೋಡಿದರು, ಮತ್ತೆ ಕೈ ಹಾಕಿದರು, ಕಡೆಗೆ ಪಾಸ್ ಚೀಟಿ ಇಟ್ಟರು. ಬಾಯಲ್ಲಿ ಪಾಸ್, ಮೈಯೆಲ್ಲಾ ‘ನನ್ನ ಹತ್ರ ಏನೋ ಇದೆ, ನೀನು ಮುಂದೆ ಹೋಗು’ ಎನ್ನುತ್ತಿತ್ತು. ಬ್ರಿಡ್ಜಿನ ಕಾನೂನು ಇಲ್ಲಿ ಕಟುಕ. ಜೊತೆಗಾರನ ಎಲೆಯಿಂದ, ಹರಾಜಿನ ಮಾತಿನಿಂದ ಏನು ತಿಳಿಯುತ್ತದೋ ಅದು ನಿನ್ನದು. ಅವನ ಒದ್ದಾಟದಿಂದ ತಿಳಿದದ್ದು ಕದ್ದ ಮಾಲು. ಎದುರಾಳಿಗಳಲ್ಲಿ ಒಬ್ಬ ಕನ್ನಡಕ ಒರೆಸುತ್ತಿದ್ದ, ಇನ್ನೊಬ್ಬ ನೀರು ಕುಡಿಯುತ್ತಿದ್ದ. ಅವಳು ನಾಲ್ಕು ಇಸ್ಪೇಟು ಹೇಳಿದ್ದರೆ ಒಬ್ಬನೂ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಅವಳು ಪಾಸ್ ಹಾಕಿದಳು.

ಈಗ ಅದನ್ನು ಹೇಳುವುದೆಂದರೆ ಮೇಷ್ಟ್ರ ಕಡೆ ಬೆರಳು ತೋರಿಸುವುದು. ನಲವತ್ತು ವರ್ಷದ ಹಿಂದೆ ಮೆಮೊಗೆ ಹೆದರದೆ ಮಾಡದಿದ್ದ ಕೆಲಸವನ್ನು ಮೈಸೂರಿಗೆ ಹೋಗುವ ಆಸೆಗೆ ಮಾಡಲೇ? ಅವಳು ಮೇಷ್ಟ್ರ ಮುಖವನ್ನೂ ನೋಡಲಿಲ್ಲ. ನೋಡಿದರೆ ಅದೂ ಬೆರಳು ತೋರಿಸಿದ ಹಾಗೆಯೇ.

ಮೇಷ್ಟ್ರು ಖಾಲಿ ಲೋಟವನ್ನು ತಿರುಗಿಸುತ್ತಾ ಕೂತಿದ್ದರು.

ಗಡಿಯಾರದಲ್ಲಿ ಹನ್ನೊಂದೂವರೆ. ಆಶಾರಾಣಿ ನಿಟ್ಟುಸಿರು ಬಿಟ್ಟಳು. “ಕಾರಣ ಇಲ್ದೆ ನಾನೇನು ಮಾಡ್ಲಿ ಸೊಣ್ಣಮ್ಮ? ಭೂಷಣ ಹೇಳೋದ್ರಲ್ಲಿ ನ್ಯಾಯ ಇದೆ. ಈ ಸಲ ನೀವು...”

“ತಡೀರಿ.” ಮೇಷ್ಟ್ರ ಕೈ ಅರ್ಧ ಮೇಲೆದ್ದಿತ್ತು. “ಅದು ನಂದು. ನಾ ಭಾಳ ಹೊತ್ತ ತಗೊಂಡೆ.”

“ಎಷ್ಟು ಹೊತ್ತು?” ಎಂದಳು ಆಶಾರಾಣಿ.

“ಏನ್ ಗಡಿಯಾರ ನೋಡೀನೇನ್ರೀ! ಇಸ್ಪೇಟಿನ ರಾಜಾ ಇತ್ತು, ಡೈಮನ್ ಎಕ್ಕಾ ಇತ್ತು. ಹೇಳ್ಲೋ ಬಿಡ್ಲೋ, ಹೇಳ್ಲೋ ಬಿಡ್ಲೋ ಅಂತ ಡಬ್ಬಿಗೆ ಎರಡ ಸರ್ತಿ ಕೈ ಹಾಕಿದೆ. ಆಮ್ಯಾಲ ಧೈರ್ಯ ಸಾಲ್ಲಿಲ್ಲ, ಪಾಸ್ ಅಂದೆ. ಆ ತಾಯಿ ನನ್ನ ಒದ್ದಾಟ ನೋಡ್ಯಾಳ. ನೋಡೇ ಪಾಸ್ ಹಾಕ್ಯಾಳ. ಅರ್ಧಾ ತಾಸಾತು, ಬೈಸ್ಕೊಳ್ಳಾಕತ್ತಾಳ, ನಾ ಕೇಳ್ಕೋತ ಕುಂತೀನಿ. ನಾಚಿಕೆ ಆಗಬೇಕ ನನಗ.”

ಆಶಾರಾಣಿ ನಾಗಭೂಷಣನ ಫೋನು ಎಳೆದುಕೊಂಡು ಮತ್ತೊಮ್ಮೆ ನೋಡಿದಳು.

“ಭೂಷಣ, ನೀನು ಕೇಳಿದ ಹತ್ತು ಜನಕ್ಕೆ ಮೇಷ್ಟ್ರು ತಡ ಮಾಡಿದ್ದು ಗೊತ್ತಿತ್ತಾ?”

“ನಂಗೇ ಗೊತ್ತಿರ್ಲಿಲ್ವಲ್ಲಾ.”

“ಗೊತ್ತಿಲ್ದೇನೇ ನಾಲ್ಕು ಜನ ಪಾಸ್ ಅಂದಿದ್ದಾರೆ. ಅಂದ್ರೆ ಆ ಕೈಗೆ ಪಾಸೂ ಒಪ್ಪೋ ಮಾತೇ. ಪಾಸೂ ಒಪ್ಪೋ ಹಾಗಿದ್ದಾಗ, ಜೊತೆಗಾರ ಒದ್ದಾಡಿದ್ಮೇಲೆ ಅವನ ಒದ್ದಾಟ ಹೇಳಿದ ದಾರಿ ಹಿಡಿಯೋ ಹಾಗಿಲ್ಲ. ಇವರು ನಾಲ್ಕು ಇಸ್ಪೇಟು ಹೇಳಿ, ಅವರು ಅಂಪೈರ್ ಕರೆದಿದ್ರೆ, ನಿಂತ ಕಾಲ್ಮೇಲೆ ರದ್ದು.” ಅವಳು ಫೋನು ವಾಪಸು ತಳ್ಳಿದಳು. “ನಿನ್ನ ಓಟೇ ಇವರನ್ನ ಗೆಲ್ಸಿತು ಕಣಪ್ಪಾ.”

ಮುಬಶ್ಶಿರ್ ಮೇಜು ಗುದ್ದಿದ. “ನಾನ್ ಹೇಳ್ಲಿಲ್ವಾ? ಭೂಷಣಾ, ಬಾ ಗುರು, ಬಿಸ್ಕತ್ ತಿನ್ನು.”

ಇಲ್ಲಿಗೆ ಬಿಟ್ಟಿದ್ದರೆ ಸೊಣ್ಣಮ್ಮ ಗೆದ್ದಂತೆಯೇ. ಅವಳು ಮತ್ತೆ ಕೈ ಎತ್ತಿದಳು.

“ಎಲ್ರುದೂ ಆಯ್ತಾ? ನನ್ ತಪ್ಪು ಏಳಕ್ಕೆ ಇನ್ನೂ ಬಿಟ್ಟಿಲ್ಲ ನೀವು.”

“ಇನ್ನೇನ್ ತಪ್ಪು?” ಎಂದಳು ಆಶಾರಾಣಿ.

ಸೊಣ್ಣಮ್ಮ ಎಲೆಗಳನ್ನು ಶನಿವಾರ ಇದ್ದ ಹಾಗೆಯೇ ಮೇಜಿನ ಮೇಲೆ ಹರಡಿದಳು, ಒಂದನ್ನೂ ಚೀಟಿ ನೋಡಿ ಇಡಲಿಲ್ಲ. “ಅವ್ನು ನಾಲ್ಕು ಆಟೀನು ಆಡಕ್ಕೆ ಕೂತ. ಮೇಷ್ಟ್ರು ಮೊದ್ಲು ಇಸ್ಪೇಟಿನ ರಾಜ ಬಿಟ್ರು. ಸರಿಯಾದ ಎಲೆ. ಅವ್ನ ಜೊತೆಗಾರ ಮೇಜ್ಮೇಲೆ ಬಿಚ್ಚಿಟ್ಟ ಕೈಯಲ್ಲಿ ಕ್ಲಾವರ್ ರಾಜ, ರಾಣಿ ಮಕ ತೋರುಸ್ಕಂಡು ಕೂತವೆ. ಪುರಸೊತ್ತು ಕೊಟ್ರೆ ಅವ್ನು ಆ ಕ್ಲಾವರ್ ಮೇಲೆ ಒಂದು ಡೈಮನ್ ಎಸ್ದುಬುಡ್ತಾನೆ. ಅದ್ರೊಳಗೆ ನಾವು ಡೈಮನ್ ಮೂರು ಸುತ್ತೂ ಎತ್ಕೋಬೇಕು. ನನ್ ಎಕ್ಕದಿಂದ ರಾಜನ್ನ ಒಡ್ದು, ನಾನೇ ಡೈಮನ್ ಆಡ್ಬೇಕಿತ್ತು. ಮೂರು ಡೈಮನ್, ಒಂದು ಇಸ್ಪೇಟು. ಅವ್ನು ಒಂದು ಸುತ್ತಿಂದ ಮಣ್ಣು ಮುಕ್ತಿದ್ದ. ನಾನೇನ್ ಆಕ್ದೆ? ಒಂಬತ್ತು. ‘ಇಸ್ಪೇಟೇ ಮುಂದ್ವರ್ಸಿ ಮೇಷ್ಟ್ರೇ’ ಅನ್ನೋ ಎಲೆ. ಅವ್ರು ಮುಂದ್ವರ್ಸಿದ್ರು, ಅವ್ನು ತುರುಪು ಒಡ್ದ. ಓಯ್ತು.”

ಆಶಾರಾಣಿ ಲೆಕ್ಕ ಹಾಕುತ್ತಿದ್ದುದು ತುಟಿಯಲ್ಲಿ ಕಾಣುತ್ತಿತ್ತು. “ಒಂದು ಸುತ್ತಿಂದ ಬಿದ್ದಿದ್ರೆ ಹದಿಮೂರರ ಬದ್ಲು ಒಂಬತ್ತೇ ಪಾಯಿಂಟ್ ಹೋಗ್ತಿತ್ತು.”

“ನಾಲ್ಕು ಉಳೀತಿತ್ತು. ಸೋತಿದ್ದು ಮೂರ್ರಲ್ಲಿ.”

“ನಿಮ್ಮಂಥೋರು ಅದನ್ನ ಹ್ಯಾಂಗ ಬಿಟ್ರಿ?” ಮೇಷ್ಟ್ರಿಗೆ ತಮ್ಮ ನಾಚಿಕೆಯೇ ಮರೆತುಹೋಯಿತು.

ಸೊಣ್ಣಮ್ಮ ಎಲೆಗಳನ್ನು ಒಟ್ಟು ಮಾಡಿದಳು. “ಪಾಸ್ ಆಕಿದ್ನಲ್ಲ, ತಲೆ ಗಿರ್ ಅಂತಿತ್ತು. ಭಲೇ ಸೊಣ್ಣಿ, ಎಂಥಾ ನಿಯತ್ತು ನಿಂದು ಅಂತ ನನ್ ಬೆನ್ನು ನಾನೇ ತಟ್ಕೊಂತಾ ಕೂತಿದ್ದೆ. ಕ್ಲಾವರ್ ರಾಜ ರಾಣಿ ಕಣ್ಮುಂದೆ ಇದ್ರೂ ಕಾಣ್ಲಿಲ್ಲ.”

“ಹಂಗಾದ್ರೆ ಮ್ಯಾಚ್ ಹೋಗಿದ್ದು ಅಕ್ಕನಿಂದ್ಲೇ ತಾನೇ?” ನಾಗಭೂಷಣನ ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ, ಆದರೂ ಕೇಳಿಬಿಟ್ಟ.

“ಊಂ ಮತ್ತೆ. ನನ್ನಿಂದ್ಲೇ,” ಎಂದಳು ಸೊಣ್ಣಮ್ಮ.

ಆಶಾರಾಣಿ ಫೋನು ತೆಗೆದು ಹೆಸರು ಬರೆಯತೊಡಗಿದಳು. “ಈ ಒಂಬತ್ತರ ಎಲೆಯ ತಪ್ಪು ನಮ್ಮಲ್ಲಿ ಒಬ್ರಿಗೂ ಕಂಡಿರ್ಲಿಲ್ಲ. ಹತ್ತು ಜನನ್ನ ಕೇಳಿದ ನಿಂಗೂ ಕಂಡಿರ್ಲಿಲ್ಲ ಭೂಷಣ. ನೀನು ಹರಾಜಿಗೆ ಅಂಟ್ಕೊಂಡೆ, ಆಟ ನೋಡ್ಲೇ ಇಲ್ಲ. ಸೊಣ್ಣಮ್ಮ ಮೊದಲನೇ ಹೆಸರು. ಮುಗೀತು.”

“ನಾಕನೇದ್ದು ಅವನ್ದ ಬರೀರಿ,” ಎಂದರು ಮೇಷ್ಟ್ರು, ನಾಗಭೂಷಣನ ಕಡೆ ಗೋಣು ಮಾಡಿ. “ನಾ ಈ ಸರ್ತಿ ಮನ್ಯಾಗ ಕುಂದರ್ತೀನಿ. ಕೈ ತಡಾ ಮಾಡಿದ್ದಕ್ಕಲ್ಲ. ಬಾಯಿ ತಡಾ ಮಾಡಿದ್ದಕ್ಕ.”

ಆಶಾರಾಣಿ ಸೊಣ್ಣಮ್ಮನ ಮುಖ ನೋಡಿದಳು. ಹನ್ನೊಂದು ವರ್ಷದ ಜೋಡಿ. ಬೇಡ ಎನ್ನುತ್ತಾಳೇನೋ ಎಂದು ಒಂದು ಗಳಿಗೆ ಕಾದಳು. ಸೊಣ್ಣಮ್ಮನಿಗೂ ಬೇಡ ಎನ್ನುವ ಮನಸ್ಸಿತ್ತು. ಆದರೆ ಮನುಷ್ಯ ತಾನೇ ಎದ್ದು ಹೇಳಿದ ಮಾತನ್ನು ಕಸಿದುಕೊಳ್ಳುವುದು ಮರ್ಯಾದೆಯಲ್ಲ.

“ಮೇಷ್ಟ್ರು ಏಳಿದ್ಮೇಲೆ ಆಯ್ತು,” ಎಂದಳು. ಆಮೇಲೆ ನಾಗಭೂಷಣನ ಕಡೆ ತಿರುಗಿದಳು. “ನಾಳೆ ಸಾಯಂಕಾಲ ಐದಕ್ಕೆ ಸಿಂಗಾಪುರಕ್ಕೆ ಬಾ. ದಿನಾ ಬರ್ಬೇಕು, ಎರಡು ವಾರ. ಫೋನು ಕಾರಲ್ಲೇ ಇರ್ಲಿ.”

“ಸೈಟ್ ಕೆಲ್ಸ ಇದೆ ಅಕ್ಕ, ಆರು ಗಂಟೆ...”

“ಐದು ಅಂದೆ.”

“ಬರ್ತೀನಿ ಅಕ್ಕ.”

ಒಂದು ಗಂಟೆಗೆ ಉಳಿದ ಬೋರ್ಡುಗಳೂ ಮುಗಿದವು. ಮೇಷ್ಟ್ರೂ ಸೊಣ್ಣಮ್ಮನೂ ಒಟ್ಟಿಗೆ ಬಸ್ ಸ್ಟಾಪಿಗೆ ನಡೆದರು. ಬಿಸಿಲು ನೆತ್ತಿ ಸುಡುತ್ತಿತ್ತು. ಮೇಷ್ಟ್ರು ತಮ್ಮ ಛತ್ರಿಯನ್ನು ಅರ್ಧ ಅವಳ ಕಡೆಗೆ ವಾಲಿಸಿ ಹಿಡಿದರು. ಸ್ಟಾಪಿನ ಹತ್ತಿರ ಬಂದಾಗ ಕೇಳಿದರು:

“ನಾ ಬಾಯಿ ಬಿಡದ ಇದ್ದಿದ್ರ ಏನ್ ಮಾಡ್ತಿದ್ರಿ ಸೊಣ್ಣಮ್ಮಾರ? ನೀವಾದ್ರೂ ಹೇಳಬಹುದಿತ್ತಲ್ರಿ.”

“ನಾನ್ಯಾಕೆ ಏಳ್ಲಿ ಮೇಷ್ಟ್ರೇ? ನಿಮ್ಗೆ ಬಾಯಿಲ್ವಾ?” ಎಂದಳು ಸೊಣ್ಣಮ್ಮ, ಬಂದ ಬಸ್ಸಿಗೆ ಕೈ ಅಡ್ಡ ಹಾಕುತ್ತಾ.